ಆ ಏರನ್ನೆಲ್ಲ ಹೇಗೆ ಓಡ್ತೀರಿ?

ಗುಡ್ಡಗಾಡಿನ ಮ್ಯಾರಥಾನ್ ಓಡುತ್ತೇನೆ ಎಂದು ಗೊತ್ತಾದವರೆಲ್ಲ ಮೊದಲು ಕೇಳುವುದು ಇದನ್ನೇ. ಓಡುವ ಅಭ್ಯಾಸ ಇರುವವರೂ ಕೇಳುತ್ತಾರೆ, ಬಸ್ಸು ಹಿಡಿಯಲಿಕ್ಕೂ ಓಡದವರೂ ಕೇಳುತ್ತಾರೆ. ಊರಾಚೆಯ ಹಾದಿ, ಒಂದರ ಹಿಂದೊಂದು ದಿಬ್ಬ, ಒಟ್ಟು 42.195 ಕಿಲೋಮೀಟರ್ ಎಂದ ಕೂಡಲೇ ಎಲ್ಲರ ಕಣ್ಣೆದುರು ಬಂದು ನಿಲ್ಲುವುದು ಏರು.

ಏರಿನ ಬಗ್ಗೆ ನನ್ನ ಉತ್ತರ ಚಿಕ್ಕದು. ನಿಧಾನವಾಗಿ ಓಡುತ್ತೇನೆ, ತೀರಾ ಕಡಿದಾಗಿದ್ದರೆ ನಡೆಯುತ್ತೇನೆ. ಅಷ್ಟೇ. ತಿಂಗಳುಗಟ್ಟಲೆ ತಯಾರಿ ಮಾಡಿಕೊಳ್ಳುವುದು ಇಳಿಜಾರಿಗೆ. ಹೀಗೆಂದರೆ ಹೆಚ್ಚಿನವರು ನಗುತ್ತಾರೆ. "ಇಳಿಯೋದಕ್ಕೇನ್ರೀ ಕಷ್ಟ, ಕಾಲು ಬಿಟ್ಟರೆ ತಾನಾಗೇ ಹೋಗುತ್ತೆ" ಎನ್ನುತ್ತಾರೆ. ಹೋಗುವುದೇನೋ ನಿಜ. ಆಮೇಲೆ ಏನಾಗುತ್ತದೆ ಅನ್ನುವುದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಏರಿನಲ್ಲಿ ಮೋಸವಿಲ್ಲ. ಜೋರು ಮಾಡಿದರೆ ಇನ್ನೂರು ಮೀಟರಿನೊಳಗೆ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೀನಖಂಡ ಬಿಗಿಯುತ್ತದೆ. ಬೇಡವೆಂದರೂ ಮೈ ತಾನೇ ನಿಧಾನಿಸುತ್ತದೆ. ಇಳಿಜಾರಿನಲ್ಲಿ ಇಂಥ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಉಸಿರು ಹಗುರ, ವಾಚಿನಲ್ಲಿ ವರ್ಷವಿಡೀ ಕಾಣದ ಪೇಸ್ (ಓಟದ ವೇಗ), ಮುಖಕ್ಕೆ ಗಾಳಿ, ಎದುರಿಗೆ ಕಣಿವೆ. ಏರು ಕೈಮೇಲೆ ಕಾಸು ಪಡೆಯುವ ಅಂಗಡಿಯಾದರೆ, ಇಳಿಜಾರು ಕೇಳಿದಷ್ಟು ಸಾಲ ಕೊಟ್ಟು ಮೂವತ್ತನೇ ಕಿಲೋಮೀಟರಿನಲ್ಲಿ ಬಡ್ಡಿ ಸಮೇತ ವಸೂಲಿಗೆ ನಿಲ್ಲುತ್ತದೆ.

ಕಾರಣ ಇರುವುದು ತೊಡೆಯ ಮುಂಭಾಗದ ಸ್ನಾಯುಗಳಲ್ಲಿ. ಏರುವಾಗ ಅವು ಕುಗ್ಗುತ್ತ ಮೈಯನ್ನು ಮೇಲಕ್ಕೆ ತಳ್ಳುತ್ತವೆ. ಇಳಿಯುವಾಗ ಪಾದ ನೆಲಕ್ಕೆ ತಾಗಿ ಮಂಡಿ ಬಾಗುತ್ತಿದ್ದಂತೆ, ಮೈಭಾರವೆಲ್ಲ ಕುಸಿಯದಂತೆ ಅದೇ ಸ್ನಾಯುಗಳು ಬ್ರೇಕ್ ಹಿಡಿಯಬೇಕು. ಅಂದರೆ ಹಿಗ್ಗುತ್ತಲೇ ಬಿಗಿ ಹಿಡಿಯಬೇಕು. ಎಕ್ಸೆಂಟ್ರಿಕ್ ಕಾಂಟ್ರಾಕ್ಷನ್ ಅನ್ನುವುದು ಇದಕ್ಕೇ. ಈ ಕೆಲಸಕ್ಕೆ ಆಮ್ಲಜನಕ ಕಡಿಮೆ ಸಾಕು, ಹಾಗಾಗಿ ಉಸಿರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುವುದು ಬಹುಪಾಲು ಇದರಿಂದಲೇ. ಕಿಲೋಮೀಟರಿಗೆ ಹೆಚ್ಚುಕಡಿಮೆ ಸಾವಿರ ಹೆಜ್ಜೆ, ಹೆಜ್ಜೆಗೊಂದು ಬ್ರೇಕು. ಓಟ ಮುಗಿದ ಮರುದಿನ, ಅದರ ಮಾರನೆಯ ದಿನ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ "ಅಮ್ಮಾ" ಅನ್ನಿಸುವುದೂ ಇದಕ್ಕೇ. ಆ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ತುತ್ತತುದಿ ಮುಟ್ಟುತ್ತದೆ.

2005ರಲ್ಲಿ ಜಿಂಜರ್ ಗಾಟ್‌ಶಾಲ್ ಮತ್ತು ರಾಡ್ಜರ್ ಕ್ರ್ಯಾಮ್ ಎಂಬ ಸಂಶೋಧಕರು ಇದನ್ನು ಟ್ರೆಡ್‌ಮಿಲ್ ಮೇಲೆ ಅಳೆದು ನೋಡಿದರು. 9 ಡಿಗ್ರಿ ಇಳಿಜಾರಿನಲ್ಲಿ, ಸಪಾಟು ನೆಲಕ್ಕೆ ಹೋಲಿಸಿದರೆ, ಪಾದ ನೆಲಕ್ಕೆ ಬಡಿಯುವ ಬಲ ಶೇ. 54ರಷ್ಟು ಹೆಚ್ಚಿತ್ತು, ಬ್ರೇಕಿನ ಬಲ ಶೇ. 73ರಷ್ಟು. 9 ಡಿಗ್ರಿ ಅಂದರೆ ನೂರು ಮೀಟರಿಗೆ ಸುಮಾರು 16 ಮೀಟರ್ ಇಳಿತ. ರಸ್ತೆಯ ಓಟದಲ್ಲಿ ಅಷ್ಟು ಕಡಿದಾದ ಇಳಿಜಾರು ಅಪರೂಪ, ಒಪ್ಪಿದೆ. ಆದರೆ ಅದರ ಅರ್ಧದಷ್ಟು ಇಳಿತ ಕಿಲೋಮೀಟರುಗಟ್ಟಲೆ ಸಿಕ್ಕರೂ ಕಾಲು ಸೋಲಲು ಸಾಕು.

ಇನ್ನೊಂದು ನಂಬಿಕೆಯಿದೆ: ಏರಿನಲ್ಲಿ ಕಳೆದುಕೊಂಡದ್ದನ್ನು ಇಳಿಜಾರಿನಲ್ಲಿ ವಾಪಸ್ ಪಡೆಯಬಹುದು ಅನ್ನುವುದು. ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಬೆಟ್ಟದ ಓಟದಲ್ಲಿ ಪಳಗಿದವರನ್ನು ಬೇರೆ ಬೇರೆ ಏರು, ಇಳಿಜಾರುಗಳಲ್ಲಿ ಓಡಿಸಿ ಎಷ್ಟು ಶಕ್ತಿ ಖರ್ಚಾಗುತ್ತದೆಂದು ಲೆಕ್ಕ ಹಾಕಿದರು. ಆ ಲೆಕ್ಕದ ಪ್ರಕಾರ ಶೇ. 10ರ ಏರಿನಲ್ಲಿ ಸಪಾಟು ನೆಲಕ್ಕಿಂತ ಸುಮಾರು ಶೇ. 65ರಷ್ಟು ಹೆಚ್ಚು ಶಕ್ತಿ ಬೇಕು. ಅಷ್ಟೇ ಇಳಿಜಾರಿನಲ್ಲಿ ಉಳಿತಾಯವಾಗುವುದು ಸುಮಾರು ಶೇ. 40. ವ್ಯತ್ಯಾಸ ಕೈಬಿಟ್ಟು ಹೋದ ಹಾಗೇ. ಅದೂ ಕಾಲಿಗೆ ಪೆಟ್ಟೇ ಬೀಳುವುದಿಲ್ಲ ಅಂದುಕೊಂಡಾಗಿನ ಲೆಕ್ಕ.

ನನ್ನ ಮಾತು ನಂಬದವರಿಗೆ ಅಮೆರಿಕದ ಬಾಸ್ಟನ್ ಮ್ಯಾರಥಾನ್ ತೋರಿಸುತ್ತೇನೆ. ಹಾಪ್‌ಕಿಂಟನ್ ಎಂಬ ಚಿಕ್ಕ ಊರಿನಲ್ಲಿ ಶುರುವಾಗುವ ಆ ಓಟ ಬಾಸ್ಟನ್ ನಗರ ಮುಟ್ಟುವಷ್ಟರಲ್ಲಿ ಒಟ್ಟಾರೆ ಸುಮಾರು 140 ಮೀಟರ್ ಕೆಳಗಿಳಿದಿರುತ್ತದೆ. ಅದರ ಅತಿ ಪ್ರಸಿದ್ಧ ದಿಬ್ಬ ಹಾರ್ಟ್‌ಬ್ರೇಕ್ ಹಿಲ್. ಹೆಸರು ಕೇಳಿದರೆ ಪರ್ವತವೇ ಇರಬೇಕು ಅನ್ನಿಸುತ್ತದೆ, ಆದರೆ ಎತ್ತರ ಬರೀ 27 ಮೀಟರಿನ ಆಸುಪಾಸು. ಅಷ್ಟು ಚಿಕ್ಕ ದಿಬ್ಬ ಅಷ್ಟೊಂದು ಎದೆಗಳನ್ನು ಒಡೆಯುವುದು ಅದು ಬರುವ ಜಾಗದಿಂದಾಗಿ. ಮೊದಲ ಇಪ್ಪತ್ತೈದು ಕಿಲೋಮೀಟರು ಬಹುಪಾಲು ಇಳಿದು ಇಳಿದು ತೊಡೆ ಸೋತಿರುತ್ತದೆ. ಆಮೇಲೆ ನ್ಯೂಟನ್ ಎಂಬ ಊರಿನ ದಿಬ್ಬಗಳು ಸಾಲಾಗಿ ಬರುತ್ತವೆ, ಕೊನೆಯದು ಇದು. ದೂಷಣೆ ಮಾತ್ರ ದಿಬ್ಬಕ್ಕೆ.

ವಿಚಿತ್ರವೆಂದರೆ ನಿಯಮದ ಪ್ರಕಾರ ಇಳಿಜಾರು ಅನುಕೂಲವೇ. ವಿಶ್ವದಾಖಲೆಗೆ ಲೆಕ್ಕವಾಗಬೇಕಾದರೆ ಹಾದಿ ಒಟ್ಟಾರೆ ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಯುವಂತಿಲ್ಲ. ಆರಂಭ ಮತ್ತು ಕೊನೆಯ ನಡುವಿನ ನೇರ ಅಂತರವೂ ಓಟದ ದೂರದ ಅರ್ಧ ಮೀರುವಂತಿಲ್ಲ. ಬಾಸ್ಟನ್ ಎರಡರಲ್ಲೂ ಹೊರಗುಳಿಯುತ್ತದೆ. 2011ರಲ್ಲಿ ಕೀನ್ಯಾದ ಓಟಗಾರ ಜೆಫ್ರಿ ಮುಟಾಯ್ ಅಲ್ಲಿ 2:03:02ರಲ್ಲಿ ಓಡಿದಾಗ, ಅದು ಆಗಿದ್ದ ವಿಶ್ವದಾಖಲೆಗಿಂತ ಚುರುಕಾಗಿದ್ದರೂ ದಾಖಲೆ ಪುಸ್ತಕ ಸೇರಲಿಲ್ಲ. ಮುಟಾಯ್ ಅಂಥವರ ತೊಡೆಗೆ, ಹಿಂದಿನಿಂದ ಗಾಳಿಯೂ ಬೀಸಿದ ದಿನ, ಇಳಿಜಾರು ವರವೇ. ನಾಲ್ಕೂವರೆ ಐದು ಗಂಟೆ ರಸ್ತೆಯ ಮೇಲಿರುವ ನಮ್ಮಂಥವರ ಕಥೆ ಬೇರೆ.

ದಕ್ಷಿಣ ಆಫ್ರಿಕದ ಕಾಮ್ರೇಡ್ಸ್ ಓಟದವರಿಗೆ ಇದು ಚೆನ್ನಾಗಿ ಗೊತ್ತು. 1921ರಲ್ಲಿ ಆರಂಭವಾದ, ಸುಮಾರು 90 ಕಿಲೋಮೀಟರಿನ ಆ ಓಟ ಒಂದು ಸಲ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಸಮುದ್ರತೀರದ ಡರ್ಬನ್ನಿಗೆ ಇಳಿದರೆ ಮುಂದಿನ ಸಲ ಡರ್ಬನ್ನಿನಿಂದ ಮೇಲಕ್ಕೆ. ಏರುವ ವರ್ಷ ಉಸಿರಿಗೆ ಕಷ್ಟ, ಇಳಿಯುವ ವರ್ಷ ಕಾಲಿಗೆ ಕಷ್ಟ ಎನ್ನುವುದು ಅಲ್ಲಿ ಓಡಿದವರ ನಡುವೆ ಸವೆದುಹೋದ ಮಾತು.

ಹಾಗಾಗಿ ಯಾವುದಾದರೂ ಗುಡ್ಡದ ಮ್ಯಾರಥಾನ್ ಬಗ್ಗೆ "ಒಟ್ಟು ಏರಿಕೆ ಎಷ್ಟು?" ಎಂದಷ್ಟೇ ಕೇಳಿ ಹೆಸರು ಕೊಡಬೇಡಿ. ಏರಿಳಿತ ಯಾವ ಕಿಲೋಮೀಟರಿನಲ್ಲಿ ಬರುತ್ತದೆ ಅನ್ನುವುದೇ ಮುಖ್ಯ. ಗ್ರೀಸಿನ ಮೂಲ ಹಾದಿ, ಅಂದರೆ ಮ್ಯಾರಥಾನ್ ಊರಿನಿಂದ ಅಥೆನ್ಸಿಗೆ ಹೋಗುವುದು, ಸುಮಾರು 10ನೇ ಕಿಲೋಮೀಟರಿನಿಂದ 31ರವರೆಗೆ ಬಹುತೇಕ ಏರು, ಆಮೇಲೆ ಇಳಿತ. ಕಾಗದದ ಮೇಲೆ ಭಯಂಕರವಾಗಿ ಕಾಣುತ್ತದೆ. ಆದರೆ ದೊಡ್ಡ ಇಳಿತ ಕೊನೆಗಿರುವುದರಿಂದ ಬುದ್ಧಿವಂತಿಕೆಯಿಂದ ಓಡಿದವರಿಗೆ ಅದು ಬಾಸ್ಟನ್ನಿಗಿಂತ ನ್ಯಾಯವಾದ ಹಾದಿ ಎಂದೇ ನನ್ನ ಎಣಿಕೆ. ಹಾದಿಯ ಎತ್ತರದ ಚಿತ್ರ ನೋಡುವಾಗಲೂ ಒಂದು ಎಚ್ಚರ ಬೇಕು. ಅದರಲ್ಲಿ ಎತ್ತರವನ್ನು ಹಿಗ್ಗಿಸಿ ಬರೆದಿರುತ್ತಾರೆ, ಎಲ್ಲ ದಿಬ್ಬವೂ ಗೋಡೆಯಂತೆಯೇ ಕಾಣುತ್ತದೆ. ಪಕ್ಕದ ಅಂಕಿ ಓದಿ, ಏರಿದ ಮೀಟರನ್ನು ದೂರದಿಂದ ಭಾಗಿಸಿ. ಶೇ. 3ರಿಂದ 5 ಬಂದರೆ ಸಾವಧಾನವಾಗಿ ಓಡಬಹುದು. ಶೇ. 8 ದಾಟಿದರೆ ನಡೆಯುವ ಮನಸ್ಸು ಮಾಡಿಕೊಂಡೇ ಹೋಗಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇಳಿಜಾರಿಗೆ ತಯಾರಿ ಹೇಗೆ ಅಂದರೆ, ಇಳಿದೇ. ಸ್ನಾಯುವಿನ ಒಂದು ಒಳ್ಳೆಯ ಗುಣವೆಂದರೆ ಈ ಪೆಟ್ಟನ್ನು ಅದು ಬೇಗ ಕಲಿಯುತ್ತದೆ. ಒಮ್ಮೆ ಇಳಿಜಾರು ಓಡಿ ತೊಡೆ ನೊಂದರೆ, ಕೆಲವು ವಾರಗಳೊಳಗೆ ಅಷ್ಟೇ ಓಡಿದಾಗ ನೋವು ಎದ್ದು ಕಾಣುವಷ್ಟು ಕಡಿಮೆ ಇರುತ್ತದೆ. ಆದ್ದರಿಂದ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಉದ್ದನೆಯ ಓಟದ ಕೊನೆಯ ಭಾಗದಲ್ಲಿ, ಇಳಿಜಾರು ಬರುವ ಹಾಗೆ ದಾರಿ ಆರಿಸಿಕೊಳ್ಳುತ್ತೇನೆ. ಮೊದಲು ಸೌಮ್ಯವಾದ ಇಳಿತ, ಬರಬರುತ್ತ ಕಡಿದಾದದ್ದು. ಓಟಕ್ಕೆ ಎರಡು ಮೂರು ವಾರ ಇರುವಾಗ ಕೊನೆಯ ಗಟ್ಟಿ ಇಳಿತ ಮುಗಿಸಿಬಿಡಬೇಕು, ಕಾಲು ಚೇತರಿಸಿಕೊಳ್ಳಲು ಬಿಡಬೇಕು. "ನಮ್ಮಲ್ಲಿ ಗುಡ್ಡವೇ ಇಲ್ಲವಲ್ಲ" ಎನ್ನುವವರಿಗೆ ಫ್ಲೈಓವರ್ ಇದೆ. ಅದೂ ಇಲ್ಲದಿದ್ದರೆ ಮೆಟ್ಟಿಲಿನ ಮೇಲೆ ನಿಂತು ಒಂದು ಕಾಲನ್ನು ಮೆಲ್ಲಗೆ, ಎಣಿಸುತ್ತ, ಕೆಳಗಿಳಿಸುವ ವ್ಯಾಯಾಮ ಇದೆ. ನೋಡಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಇಪ್ಪತ್ತು ಸಲ ಮಾಡಿ ನೋಡಿ.

ಇಳಿಯುವಾಗಿನ ಭಂಗಿಯ ಬಗ್ಗೆ ಬಹಳ ಹೇಳುವವರಿದ್ದಾರೆ. ನನಗೆ ಕೆಲಸಕ್ಕೆ ಬಂದದ್ದು ಹೆಜ್ಜೆ ಚಿಕ್ಕದು ಮಾಡಿ ಬೇಗ ಬೇಗ ಇಡುವುದು. ಭಯಕ್ಕೆ ಮೈ ಹಿಂದಕ್ಕೆ ವಾಲಿದರೆ ಪಾದ ಮುಂದೆ ಹೋಗಿ ಹಿಮ್ಮಡಿ ಊರುತ್ತದೆ, ಬ್ರೇಕಿನ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಪಾದ ಸೊಂಟದ ನೇರಕ್ಕೆ ಬೀಳಬೇಕು, ಮೈ ಇಳಿಜಾರಿನ ಕಡೆಗೆ ತುಸು ಬಾಗಿರಬೇಕು, ಕೈ ಸಡಿಲ. ಕಣ್ಣು ಕಾಲಿನ ಮೇಲಲ್ಲ, ಹತ್ತು ಹೆಜ್ಜೆ ಮುಂದೆ. ಮತ್ತೆ, ಮೊದಲರ್ಧದಲ್ಲಿ ಬರುವ ಯಾವ ಇಳಿಜಾರಿನಲ್ಲೂ ಮಾತಾಡಲು ಆಗುವುದಕ್ಕಿಂತ ಜೋರಾಗಿ ಓಡಬೇಡಿ ಅನ್ನುವುದು ಸಾಲದು. ಅಲ್ಲಿ ಹಾಡಲಿಕ್ಕೂ ಆಗುತ್ತದಲ್ಲ! ವಾಚು ನೋಡಿಯೇ ಕೈ ಬಿಗಿಹಿಡಿಯಬೇಕು. ಏರಿನಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ವಾಚಿನ ಪೇಸ್ ನೋಡಿದರೆ ಕೆಟ್ಟೆವು, ಉಸಿರನ್ನಷ್ಟೇ ಕೇಳಿಸಿಕೊಳ್ಳಬೇಕು.

ಇಷ್ಟು ಕಾಲಿನ ಮಾತಾಯಿತು, ಉಗುರನ್ನು ಮರೆಯುವಂತಿಲ್ಲ. ಇಳಿಯುವಾಗ ಪಾದ ಶೂವಿನೊಳಗೆ ಮುಂದಕ್ಕೆ ಜಾರುತ್ತದೆ, ಹೆಬ್ಬೆರಳು ಸಾವಿರಾರು ಸಲ ತುದಿಗೆ ಗುದ್ದುತ್ತದೆ, ಉಗುರು ಕಪ್ಪಾಗುತ್ತದೆ. ಶೂವಿನ ಎಲ್ಲಕ್ಕಿಂತ ಮೇಲಿನ, ಯಾರೂ ಬಳಸದ ಆ ಹೆಚ್ಚುವರಿ ತೂತು ಇರುವುದು ಇದಕ್ಕೇ. ಅದರಲ್ಲಿ ಲೇಸು ಹಾಯಿಸಿ ಹಿಮ್ಮಡಿ ಅಲುಗಾಡದಂತೆ ಕಟ್ಟಿ. ಉಗುರನ್ನು ಓಟದ ಹಿಂದಿನ ರಾತ್ರಿಯಲ್ಲ, ಎರಡು ಮೂರು ದಿನ ಮೊದಲೇ ಕತ್ತರಿಸಿ. ಹಳ್ಳಿಗಾಡಿನ ರಸ್ತೆಗಳು ನೀರು ಹರಿದುಹೋಗಲೆಂದು ಅಂಚಿಗೆ ವಾಲಿರುತ್ತವೆ. ಒಂದೇ ಅಂಚಿನಲ್ಲಿ ಗಂಟೆಗಟ್ಟಲೆ ಓಡಿದರೆ ಒಂದು ಕಡೆಯ ಸೊಂಟ, ಮಂಡಿ ಗೊಣಗುತ್ತವೆ. ವಾಹನ ಸಂಚಾರ ನಿಲ್ಲಿಸಿದ್ದರೆ ನಡುರಸ್ತೆ ಹಿಡಿಯಿರಿ. ನೀರಿನ ಮೇಜುಗಳು ನಗರದ ಓಟದಷ್ಟು ಹತ್ತಿರ ಹತ್ತಿರ ಇರುವುದಿಲ್ಲ, ಚಿಕ್ಕದೊಂದು ಬಾಟಲಿ ಕೈಯಲ್ಲಿರಲಿ. ಶಕ್ತಿಗಾಗಿ ಓಡುತ್ತಲೇ ನುಂಗುವ ಸಿಹಿ ಜೆಲ್ಲನ್ನು ಏರಿನ ಮಧ್ಯೆ ಏದುಸಿರಿನಲ್ಲಿ ನುಂಗಬೇಡಿ, ನೆತ್ತಿ ಮುಟ್ಟಿ ಉಸಿರು ಹಿಂದಿರುಗಿದ ಮೇಲೆ ತೆಗೆದುಕೊಳ್ಳಿ.

ಇಷ್ಟೆಲ್ಲ ಕೇಳಿದ ಮೇಲೆ "ಮತ್ತೆ ಯಾಕೆ ಓಡ್ತೀರಿ?" ಎಂಬ ಉಪಪ್ರಶ್ನೆ ಬಂದೇ ಬರುತ್ತದೆ. ನೋಟಕ್ಕಾಗಿ, ಇನ್ನೇನಕ್ಕೆ? ಕ್ಯಾಲಿಫೋರ್ನಿಯದ ಬಿಗ್ ಸರ್ ಓಟ ಕಡಲಂಚಿನ ಹೆದ್ದಾರಿಯಲ್ಲಿ ಸಾಗುತ್ತದೆ. ಹರಿಕೇನ್ ಪಾಯಿಂಟ್ ಎಂಬ, ಗಾಳಿ ಬಡಿಯುವ ಮೂರು ಕಿಲೋಮೀಟರಿನಷ್ಟು ಉದ್ದದ ಏರು ಹತ್ತಿ ಇಳಿದರೆ ಅರ್ಧ ಹಾದಿಯಲ್ಲಿ ಬಿಕ್ಸ್‌ಬಿ ಸೇತುವೆ, ಅಲ್ಲೊಬ್ಬರು ದೊಡ್ಡ ಪಿಯಾನೊ ಇಟ್ಟುಕೊಂಡು ಓಟಗಾರರಿಗಾಗಿ ನುಡಿಸುತ್ತಿರುತ್ತಾರೆ. ಅಲ್ಲಿ ನಿಂತು ಫೋಟೊ ತೆಗೆದುಕೊಳ್ಳುವವರನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಗುಡ್ಡದ ಹಾದಿಯಲ್ಲಿ ಸಮಯದ ದಾಖಲೆಯ ಹಟ ಮೊದಲ ಏರಿನಲ್ಲೇ ಬಿದ್ದುಹೋಗಿರುತ್ತದೆ, ಅರ್ಧ ನಿಮಿಷ ನಿಂತರೆ ಗಂಟೇನೂ ಹೋಗುವುದಿಲ್ಲ. ನೋಟ ತೆರೆದುಕೊಳ್ಳುವುದು ನೆತ್ತಿಯಲ್ಲಿ. ಇಳಿಯುವ ಮುಂಚೆ ಅಲ್ಲಿ ನಿಲ್ಲುವುದು ಕಾಲಿಗೂ ಒಳ್ಳೆಯದೇ. ಓಡುತ್ತ ಕಣಿವೆ ನೋಡುವುದು ಮಾತ್ರ ಬೇಡ, ಇಳಿಜಾರಿನ ತಿರುವಿನಲ್ಲಿ ಮುಗ್ಗರಿಸುವವರು ಹೆಚ್ಚಾಗಿ ಹಾಗೆ ನೋಡುತ್ತಿದ್ದವರೇ.

ಸಮಯ ಎಷ್ಟು ಹೆಚ್ಚು ಹಿಡಿಯುತ್ತದೆ? ನಡಿಗೆಯವರಿಗಾಗಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಅಂದಾಜು ಕೊಟ್ಟಿದ್ದ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಅಂದರೆ ಏರಿದ ಪ್ರತಿ ಮೀಟರು ಸಪಾಟಿನ ಎಂಟು ಮೀಟರಿಗೆ ಸಮ. 600 ಮೀಟರ್ ಏರಿಕೆಯ ಮ್ಯಾರಥಾನ್ ಆದರೆ ಸುಮಾರು ಐದು ಕಿಲೋಮೀಟರು ಹೆಚ್ಚು ಓಡಿದ ಹಾಗೆ. ಇಳಿಜಾರಿನಲ್ಲಿ ಕಾಲು ಉಳಿಸಿಕೊಂಡವರು ಇದಕ್ಕಿಂತ ಬೇಗ ಮುಗಿಸುತ್ತಾರೆ, ಉಳಿಸಿಕೊಳ್ಳದವರಿಗೆ ಯಾವ ಸೂತ್ರವೂ ಹೊಂದುವುದಿಲ್ಲ.

ಮೊದಲ ಮ್ಯಾರಥಾನೇ ಗುಡ್ಡದ್ದಾಗಬಹುದೇ ಎಂದೂ ಕೆಲವರು ಕೇಳುತ್ತಾರೆ. ಆಗಬಹುದು. ಹಳೆಯ ಟೈಮಿನ ಜೊತೆ ಹೋಲಿಸುವ ಕಾಟವಿಲ್ಲ, ನಡೆದರೆ ಯಾರೂ ಹುಬ್ಬೇರಿಸುವುದಿಲ್ಲ. ಕಟ್-ಆಫ್ ಸಮಯ, ಅಂದರೆ ಓಟ ಮುಗಿಸಲು ಕೊಡುವ ಗಡುವು, ಎಷ್ಟೆಂದು ಮಾತ್ರ ಮೊದಲೇ ನೋಡಿಕೊಳ್ಳಿ, ಕೆಲವು ಕಡೆ ಅದು ಬಿಗಿಯಾಗಿರುತ್ತದೆ. ಆ ರಾತ್ರಿ ಉಳಿಯಲು ಕೋಣೆ ಹಿಡಿಯುವುದಾದರೆ ನೆಲಮಹಡಿಯದನ್ನೇ ಕೇಳಿ.