ಬೆರೀಯಾ: ಬೋಧನಾ ಶುಲ್ಕವಿಲ್ಲದ, ದುಡಿಮೆ ತಪ್ಪದ ಕಾಲೇಜು

ಅಮೆರಿಕದ ಸಣ್ಣ ಕಾಲೇಜುಗಳ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ಕೆಂಟಕಿ ರಾಜ್ಯದ ಬೆರೀಯಾ ಕಾಲೇಜಿನ ಕಡೆಗೇ ಹೋಗುತ್ತದೆ. ಅಪಲೇಷಿಯನ್ ಬೆಟ್ಟಸೀಮೆಯ ಅಂಚಿನಲ್ಲಿರುವ, ಸುಮಾರು 1,500 ವಿದ್ಯಾರ್ಥಿಗಳ ಈ ಕಾಲೇಜು 1892ರಿಂದ ಯಾರಿಂದಲೂ ಬೋಧನಾ ಶುಲ್ಕ ಪಡೆದಿಲ್ಲ.

ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದಲ್ಲೇ ಹುಟ್ಟಿ ಗುಲಾಮಗಿರಿಯ ವಿರುದ್ಧ ನಿಂತ ಪಾದ್ರಿ ಜಾನ್ ಗ್ರೆಗ್ ಫೀ, ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕೆಂಟಕಿಯ ರಾಜಕಾರಣಿ ಕ್ಯಾಸಿಯಸ್ ಕ್ಲೇ ಕೊಟ್ಟ ಜಾಗದಲ್ಲಿ ನೆಲೆನಿಂತು, 1855ರಲ್ಲಿ ಒಂದೇ ಕೋಣೆಯ ಶಾಲೆಯಾಗಿ ಇದನ್ನು ಆರಂಭಿಸಿದರು. 1859ರಲ್ಲಿ ಗುಲಾಮಗಿರಿ ವಿರೋಧಿ ಹೋರಾಟಗಾರ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ನಡೆಸಿದ ಬಳಿಕ ಹಬ್ಬಿದ ಭಯದಲ್ಲಿ, ಶಸ್ತ್ರ ಹಿಡಿದ ಸ್ಥಳೀಯರು ಫೀ ಮತ್ತು ಅವರ ಸಂಗಡಿಗರನ್ನು ಊರು ಬಿಡಿಸಿದರು. ಅಂತರ್ಯುದ್ಧದ ನಂತರ ಅವರು ಮರಳಿ ಬಂದು ಶಾಲೆಯನ್ನು ತೆರೆದಾಗ, 1866ರ ಹೊತ್ತಿಗೆ ಅಲ್ಲಿದ್ದ 187 ವಿದ್ಯಾರ್ಥಿಗಳಲ್ಲಿ 96 ಮಂದಿ ಕಪ್ಪು ಜನಾಂಗದವರು, 91 ಮಂದಿ ಬಿಳಿಯರು. ನಿನ್ನೆಯವರೆಗೆ ಗುಲಾಮಗಿರಿ ಕಾನೂನುಬದ್ಧವಾಗಿದ್ದ ನೆಲದಲ್ಲಿ ಇವರು ಒಂದೇ ತರಗತಿಯಲ್ಲಿ ಕುಳಿತರೆಂಬುದನ್ನು ಓದಿದಾಗ ನಾನು ಆ ಎರಡು ಅಂಕಿಗಳನ್ನೇ ಬಹಳ ಹೊತ್ತು ನೋಡುತ್ತಿದ್ದೆ.

ಈ ಸಹವಾಸವನ್ನು ಮುರಿದದ್ದು ಕೆಂಟಕಿ ರಾಜ್ಯದ 1904ರ ‘ಡೇ ಕಾನೂನು’. ಎರಡೂ ಜನಾಂಗದವರಿಗೆ ಒಟ್ಟಿಗೆ ಕಲಿಸುವ ಸಂಸ್ಥೆಗೆ 1,000 ಡಾಲರ್ ದಂಡ ವಿಧಿಸುತ್ತಿದ್ದ ಆ ಕಾನೂನನ್ನು ಕಾಲೇಜು ಸುಪ್ರೀಂ ಕೋರ್ಟಿನವರೆಗೂ ಒಯ್ದು 1908ರಲ್ಲಿ ಸೋತಿತು; ಕೆಂಟಕಿಯವರೇ ಆದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಭಿನ್ನ ತೀರ್ಪು ಬರೆದರು. ಕಪ್ಪು ವಿದ್ಯಾರ್ಥಿಗಳಿಗಾಗಿ 1912ರಲ್ಲಿ ಲಿಂಕನ್ ಇನ್‌ಸ್ಟಿಟ್ಯೂಟ್ ಬೇರೆಯಾಗಿ ಆರಂಭವಾಯಿತು. ಆದರೆ ಎಲ್ಲ ದೋಷವನ್ನೂ ಕಾನೂನಿನ ತಲೆಗೆ ಕಟ್ಟುವುದು ಸರಿಯಲ್ಲ. ಅದಕ್ಕೂ ಮೊದಲೇ, ಕಾಲೇಜಿನ ಅಧ್ಯಕ್ಷ ವಿಲಿಯಂ ಗುಡೆಲ್ ಫ್ರಾಸ್ಟ್ ಬೆಟ್ಟಸೀಮೆಯ ಬಡ ಬಿಳಿಯರನ್ನು ಸೆಳೆಯಲು ಒತ್ತು ಕೊಟ್ಟಿದ್ದರಿಂದ ಕಪ್ಪು ವಿದ್ಯಾರ್ಥಿಗಳ ಪಾಲು ಕುಗ್ಗಿತ್ತು. ಮುಂದೆ ಇತಿಹಾಸಕಾರರಾಗಿ ಹೆಸರಾದ ಕಪ್ಪು ಜನಾಂಗದ ಕಾರ್ಟರ್ ವುಡ್ಸನ್ ಇಲ್ಲಿ ಪದವಿ ಪಡೆದದ್ದು 1903ರಲ್ಲಿ. ಒಂದು ವರ್ಷ ತಡವಾಗಿದ್ದರೆ ಆ ಬಾಗಿಲು ಅವರಿಗೆ ಮುಚ್ಚಿರುತ್ತಿತ್ತು. 1950ರಲ್ಲಿ ಕಾನೂನು ತಿದ್ದುಪಡಿಯಾದ ಬಳಿಕವಷ್ಟೇ ಅದು ಮತ್ತೆ ತೆರೆಯಿತು.

ಇಂದಿನ ಕ್ಯಾಂಪಸ್ ಬದುಕಿಗೆ ರೂಪ ಕೊಟ್ಟಿರುವುದು ದುಡಿಮೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕೆಲಸ ಮಾಡಲೇಬೇಕು. ಒಬ್ಬರು ಕಾಲೇಜಿನ ಹೊಲದಲ್ಲಿ, ಮತ್ತೊಬ್ಬರು ಗ್ರಂಥಾಲಯದಲ್ಲಿ, ಇನ್ನೊಬ್ಬರು 1909ರಿಂದ ನಡೆಯುತ್ತಿರುವ ಬೂನ್ ಟ್ಯಾವರ್ನ್ ಹೋಟೆಲಿನಲ್ಲಿ ದುಡಿಯುತ್ತಾರೆ. ಕೈಮಗ್ಗದಲ್ಲಿ ನೇಯುವವರೂ ಪೊರಕೆ ಕಟ್ಟುವವರೂ ಇದ್ದಾರೆ. ಬೆಳಿಗ್ಗೆ ತತ್ತ್ವಶಾಸ್ತ್ರದ ಪಾಠ ಕೇಳಿದವರು ಮಧ್ಯಾಹ್ನ ಪೊರಕೆಯ ಹುಲ್ಲನ್ನು ಹಿಡಿಗೆ ಬಿಗಿಯುವುದು ಅಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಶುಲ್ಕವಿಲ್ಲದ ಓದಿಗೆ ಹಣ ಬರುವುದು ಮುಖ್ಯವಾಗಿ ದತ್ತಿನಿಧಿ ಮತ್ತು ದೇಣಿಗೆಗಳಿಂದ. ಹೀಗಾಗಿ ಈ ದುಡಿಮೆಯನ್ನು ಶುಲ್ಕದ ಬದಲಿಗೆ ಪಡೆಯುವ ಬಿಟ್ಟಿ ಚಾಕರಿಯೆಂದು ತಿಳಿಯಬಾರದು. ಅದಕ್ಕೆ ಕೂಲಿಯುಂಟು, ಮೇಲ್ವಿಚಾರಕರ ಮೌಲ್ಯಮಾಪನವೂ ಉಂಟು. ನಮ್ಮ ಭಾಷೆಯಲ್ಲಿ ಇದಕ್ಕೆ 'ಕಾಯಕ' ಎಂಬ ಮಾತೇ ಹೆಚ್ಚು ಒಪ್ಪುತ್ತದೆ.

ಅಕ್ಟೋಬರ್ ತಿಂಗಳ ಒಂದು ದಿನ ಮಾತ್ರ ತರಗತಿಗಳನ್ನು ನಿಲ್ಲಿಸಿ, ಎಲೆಗಳು ಬಣ್ಣ ತಿರುಗಿದ ಹೊತ್ತಿನಲ್ಲಿ, ಎಲ್ಲರೂ ಕಾಲೇಜಿನ ಕಾಡಿನ ದಾರಿ ಹಿಡಿದು ಪಿನಕಲ್ಸ್ ಎಂಬ ಬಂಡೆಗಳ ನೆತ್ತಿಗೆ ಹತ್ತುತ್ತಾರೆ. ಅದನ್ನು ಅವರು ಬೆಟ್ಟದ ದಿನವೆಂದು ಕರೆಯುತ್ತಾರೆ.