ಬಳ್ಳಿ ಹಾಡಿದ ಮಾತ್ರಕ್ಕೆ ಓದು ಬಂದಂತಲ್ಲ

‘ಕ ಕಾ ಕಿ ಕೀ’ ಎಂದು ಇಡೀ ಕಾಗುಣಿತದ ಬಳ್ಳಿಯನ್ನು ಒಂದೇ ಉಸಿರಿಗೆ ಒಪ್ಪಿಸುವ ಮಗುವಿನ ಮುಂದೆ ‘ಗರಗಸ’ ಎಂದು ಬರೆದಿಡಿ. ಎಷ್ಟೋ ಮಕ್ಕಳು ‘ಸ’ ಬಂದಾಗ ತಡೆದು, ಅಕ್ಷರಮಾಲೆಯನ್ನು ಮೊದಲಿನಿಂದ ಹಾಡಿಕೊಂಡು ಬಂದು ಅದನ್ನು ಹುಡುಕುತ್ತಾರೆ. ಹಾಡು ಕಿವಿ ಮತ್ತು ನಾಲಗೆಯ ನೆನಪು. ಓದಿಗೆ ಕಣ್ಣು ಕಂಡ ಆಕಾರ ನೇರವಾಗಿ ಧ್ವನಿಗೆ ಹೋಗಿ ಸೇರಬೇಕು. ಆ ದಾರಿಯನ್ನು ಮಿದುಳು ಹೊಸದಾಗಿ ಕಡಿಯಬೇಕಾಗುತ್ತದೆ.

ಬರಹ ಹುಟ್ಟಿ ಐದಾರು ಸಾವಿರ ವರ್ಷವಷ್ಟೇ ಆಗಿರುವುದರಿಂದ ಓದಿಗೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಜಾಗವಿಲ್ಲ. ಎಡ ಮಿದುಳಿನ ಹಿಂಭಾಗದ ಅಡಿಯಲ್ಲಿ, ಮುಖ ಮತ್ತು ವಸ್ತುಗಳನ್ನು ಗುರುತಿಸುವ ಭಾಗದ ಒಂದು ತುಣುಕು ಅಕ್ಷರದ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೋರ್ಚುಗಲ್, ಬ್ರೆಜಿಲ್‌ಗಳ 63 ವಯಸ್ಕರಿದ್ದರು. ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಆ ಭಾಗ ಅಕ್ಷರಕ್ಕೆ ಸ್ಪಂದಿಸುತ್ತಿತ್ತು.

ನಮ್ಮ ಲಿಪಿಯಲ್ಲಿ ಈ ಕೆಲಸ ದೊಡ್ಡದು. ಮೂಲ ಅಕ್ಷರ 49 ಸರಿ, ಆದರೆ 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ ಕಾಗುಣಿತವೇ 442. ಒತ್ತಕ್ಷರದ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕಲಿಕೆ ಪೂರ್ತಿ ಮುಗಿದಿರಲಿಲ್ಲ. ಒಂದನೇ ಕ್ಲಾಸಿನ ದಸರಾ ರಜೆಯೊಳಗೆ ಎಲ್ಲ ಬರಬೇಕೆಂದು ಗದರುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಮನೆಯಲ್ಲಿ ದಿನಕ್ಕೆ 15 ನಿಮಿಷ ಸಾಕು. ಭಾನುವಾರ ಎರಡು ಗಂಟೆ ಕೂರಿಸಿದರೆ ಆ ಲಾಭವಿಲ್ಲ. ಹಳೆಯ ಮದುವೆ ಕಾಗದ ಕತ್ತರಿಸಿ ಕಾರ್ಡು ಮಾಡಿ, ಒಂದೊಂದರಲ್ಲಿ ಒಂದೇ ಅಕ್ಷರ ದೊಡ್ಡದಾಗಿ ಬರೆಯಿರಿ. ಶುರುವಿಗೆ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ರ, ಗ, ಸ, ದ, ಅ ಚೆನ್ನಾಗಿದೆ: ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಕಾರ್ಡುಗಳನ್ನು ಇಸ್ಪೀಟಿನ ಹಾಗೆ ಕಲಸಿ ತೋರಿಸಿ. ಕ್ರಮ ಕೆಟ್ಟರೆ ಮಾತ್ರ ಹಾಡು ಕೈಕೊಡುತ್ತದೆ, ಕಣ್ಣು ಕೆಲಸ ಮಾಡುತ್ತದೆ. ಎರಡು ಸೆಕೆಂಡಿನೊಳಗೆ ಹೇಳಿದ ಕಾರ್ಡನ್ನು ನಾಳೆಗೆ, ನಾಳೆಯೂ ಹೇಳಿದರೆ ಮೂರು ದಿನಕ್ಕೆ, ಆಮೇಲೆ ವಾರಕ್ಕೆ ಮುಂದೂಡಿ. ತಪ್ಪಿದ್ದು ಮತ್ತೆ ಇವತ್ತಿನ ಕಟ್ಟಿಗೇ. ಉತ್ತರವನ್ನು ನೀವೇ ಮೊದಲು ಹೇಳಿಬಿಡಬೇಡಿ. ತಡಕಾಡಿ ಹೊರಗೆಳೆದ ನೆನಪೇ ಗಟ್ಟಿಯಾಗುವುದು. ಮೂರೆಣಿಸುವಷ್ಟು ಕಾಯಿರಿ, ಆಮೇಲೆ ಹೇಳಿಕೊಡಿ. ನಡುವೆ ‘ಸಗದ’, ‘ರದಗ’ ಎಂಬ ಅರ್ಥವಿಲ್ಲದ ಪದಗಳನ್ನೂ ಇಡಿ. ಚಿತ್ರ ನೋಡಿ, ಮೊದಲಕ್ಷರ ನೋಡಿ ಊಹಿಸುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ.

ಕಾಗುಣಿತವನ್ನು ಅಡ್ಡ ಬಳ್ಳಿಯಾಗಿ ಕಲಿಸುವ ಬದಲು ಉದ್ದಕ್ಕೆ ಕಲಿಸಿ ನೋಡಿ: ರಿ, ಗಿ, ಸಿ, ದಿ, ನಿ. ಗುಡಿಸು ಒಂದೇ, ವ್ಯಂಜನ ಮಾತ್ರ ಬದಲು. ‘ಇ’ ಧ್ವನಿ ಆ ಗುಡಿಸಿನಲ್ಲಿದೆ ಎಂದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಹಾಗೆ ಹೊಳೆದರೆ ಕಲಿಯದ ‘ಜಿ’ಯನ್ನೂ ಓದುತ್ತದೆ. ಮಿ, ಯಿ, ಪು, ವು, ಮೊ ಸಾಮಾನ್ಯ ರೂಪಕ್ಕೆ ಬಗ್ಗುವುದಿಲ್ಲ, ಅವನ್ನು ಕೊನೆಗಿಡಿ. ಅರ್ಕಾವೊತ್ತಂತೂ ಇನ್ನೂ ತಡವಾಗಿ ಬರಲಿ. ‘ಕರ್ಣ’ದಲ್ಲಿ ಮೊದಲು ಉಲಿಯುವ ರ್ ಬರಹದಲ್ಲಿ ಣ ಆದಮೇಲೆ ಕೂತಿರುತ್ತದೆ, ಎಡದಿಂದ ಬಲಕ್ಕೆ ಹೋಗುವ ಕಣ್ಣಿಗೆ ಅದು ಉಲ್ಟಾ.

ಪ–ಷ, ವ–ಮ, ದ–ಧ–ಥ, ರ–ಠ ಇವನ್ನು ಒಂದೇ ವಾರ ಕಲಿಸಬೇಡಿ. ಒಂದು ಗಟ್ಟಿಯಾಗಿ ವಾರವಾದ ಮೇಲೆ ಇನ್ನೊಂದು. ಎಡ-ಬಲ ತಿರುಗಿಸಿ ಬರೆದರೆ ಗಾಬರಿ ಬೇಡ. ಲೋಟದ ಹಿಡಿ ಯಾವ ಕಡೆಗಿದ್ದರೂ ಲೋಟ ಲೋಟವೇ ಎಂದು ಕಲಿತ ಮಿದುಳು ಅಕ್ಷರಕ್ಕೂ ಅದೇ ನ್ಯಾಯ ಹಚ್ಚುತ್ತದೆ. ಐದಾರು ವರ್ಷಕ್ಕೆ ಅದು ಸಹಜ. ಇದಕ್ಕೆ ಮದ್ದು ಕೈಬರಹ. ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ನೂ ಓದು ಬಾರದ ಐದರ ಮಕ್ಕಳು ತಾವೇ ಕೈಯಲ್ಲಿ ಬರೆದ ಅಕ್ಷರಕ್ಕೆ ಮಿದುಳಿನ ಓದಿನ ಜಾಲ ಎಚ್ಚೆತ್ತಿತು. ಟೈಪ್ ಮಾಡಿದ್ದಕ್ಕೆ ಅಷ್ಟಿಲ್ಲ. ವಿಜಯದಶಮಿಗೆ ಕೊಲ್ಲೂರಿನಲ್ಲಿ ಅಕ್ಕಿಯ ಮೇಲೆ ಬೆರಳಾಡಿಸುವುದನ್ನು ಅಲ್ಲಿಗೇ ನಿಲ್ಲಿಸದೆ ಮನೆಯ ತಟ್ಟೆಯಲ್ಲೂ ಮುಂದುವರಿಸಿ. ಬರೆಯುವಾಗ ಧ್ವನಿ ಬಾಯಲ್ಲಿರಬೇಕು. ಸುಮ್ಮನೆ ಹತ್ತು ಸಾಲು ನಕಲು ಮಾಡಿಸಿದರೆ ಮೂರನೇ ಸಾಲಿಗೆ ಕೈ ಮಾತ್ರ ಓಡುತ್ತಿರುತ್ತದೆ.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವುದರಿಂದ ಕನ್ನಡ ಓದು ಕೆಡುತ್ತದೆ ಎಂಬ ಭಯ ಕರಾವಳಿಯಲ್ಲಿ ಹಲವರಿಗಿದೆ. ಆ ಭಯ ಬೇಡ. ಧ್ವನಿ ಬಿಡಿಸುವ ಆಟವನ್ನು ಮನೆಮಾತಿನಲ್ಲೇ ಆಡಿ. ತುಳುವಿನ ‘ಕೋರಿ’ಯ ಮೊದಲ ಧ್ವನಿ ಬದಲಿಸಿದರೆ ‘ಬೋರಿ’: ಕೋಳಿ ಹೋಗಿ ಎತ್ತು ಬಂತು. ಮಗು ನಗುತ್ತಲೇ ಕ್ ಮತ್ತು ಓ ಬೇರೆ ಬೇರೆ ಎಂದು ಕೇಳಿಸಿಕೊಳ್ಳುತ್ತದೆ. ತೊಡಕಿರುವುದು ಮಹಾಪ್ರಾಣದಲ್ಲಿ, ಅಚ್ಚ ತುಳು ಪದಗಳಲ್ಲಿ ಅದಿಲ್ಲ. ಬಾಯಿಯೆದುರು ತೆಳು ಕಾಗದದ ಚೂರು ಹಿಡಿದು ಕ, ಖ ಹೇಳಿಸಿ. ಖ ಎನ್ನುವಾಗ ಅದು ಜೋರಾಗಿ ಅಲುಗಬೇಕು.

ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಮತ್ತೆ ತಿರುವಿ ನೆಲೆಗೊಳಿಸುತ್ತದೆ. ರಾತ್ರಿಯಿಡೀ ಯಕ್ಷಗಾನದ ಆಟಕ್ಕೋ ಭೂತದ ನೇಮಕ್ಕೋ ಎಚ್ಚರವಿದ್ದ ಮಗುವಿಗೆ ಮರುದಿನ ಹೊಸ ಅಕ್ಷರ ಬೇಡ.

ಇನ್ನು ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್ ಆಕ್ಟಿವೇಶನ್’ ತರಬೇತಿಗೆ ದುಡ್ಡು ಹಾಕಬೇಡಿ. ಮಕ್ಕಳು ಮೂಗಿನ ಬದಿಯ ಸಂದಿನಿಂದ ನೋಡುತ್ತಾರೆ. ಮಂಗಳೂರಿನವರೇ ಆದ ವಿಚಾರವಾದಿ ನರೇಂದ್ರ ನಾಯಕ್ ಇದರ ಬಣ್ಣ ಬಯಲು ಮಾಡಿದ್ದಾರೆ.

ಎರಡನೇ ತರಗತಿ ಮುಗಿದರೂ ಸರಳ ಪದ ಎಡವುತ್ತಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎರಡೂ ಸರಿಯಿದ್ದರೆ ಕಲಿಕಾ ತೊಂದರೆಯ ತಪಾಸಣೆ. ಮಂಗಳೂರಿನಲ್ಲಿ ವಾಕ್-ಶ್ರವಣ ಕಾಲೇಜುಗಳಿವೆ. ಹೋಗುವಾಗ ಮಗುವಿನ ನೋಟುಪುಸ್ತಕ ಮತ್ತು ಮತ್ತೆ ಮತ್ತೆ ತಪ್ಪುವ ಕಾರ್ಡುಗಳ ಪಟ್ಟಿ ಜೊತೆಗಿರಲಿ, ಮನೆಮಾತು ಯಾವುದೆಂದು ಹೇಳಿ.