ಸಾಲಿಗ್ರಾಮದ ನೆಂಟರನ್ನು ಹುಡುಕಿಕೊಂಡು

ಅಜ್ಜನ ದೇವರ ಪೆಟ್ಟಿಗೆಯಲ್ಲಿ ಅಡಿಕೆಗಿಂತ ತುಸು ದೊಡ್ಡದಾದ ಸಾಲಿಗ್ರಾಮವೊಂದಿತ್ತು. ಹೆಣ್ಣುಮಕ್ಕಳು ಮುಟ್ಟಬಾರದೆಂದು ಅಜ್ಜಿ ಗದರುತ್ತಿದ್ದರು. ಅಜ್ಜ ಅಭಿಷೇಕ ಮಾಡುವಾಗ ಪಕ್ಕದಲ್ಲಿ ಕೂತು ಅದರ ಬಾಯೊಳಗಿನ ಚಕ್ರವನ್ನು ಇಣುಕಿ ನೋಡುವುದಷ್ಟೇ ನನ್ನ ಪಾಲಿಗೆ. "ಅದು ಅಮೋನೈಟ್ ಕಣಮ್ಮ, ಹಿಮಾಲಯದಿಂದ ಗಂಡಕಿ ನದಿ ಉರುಳಿಸಿ ತಂದ ಕಡಲಪ್ರಾಣಿ" ಎಂದವರು ಭೂವಿಜ್ಞಾನ ಪಾಠ ಮಾಡುವ ನಮ್ಮ ಭಾವ. "ಅದರ ನೆಂಟರನ್ನು ನೋಡೋಕೆ ನೇಪಾಳಕ್ಕೇ ಹೋಗಬೇಕಾ? ತಮಿಳುನಾಡಿನ ಪೆರಂಬಲೂರಿಗೆ ಹೋದರೂ ಆಯ್ತು."

ಡಿಸೆಂಬರ್ ರಜೆಯಲ್ಲಿ ಅಕ್ಕ, ಭಾವ, ನಾನು ಹೊರಟೆವು. ಭಾವ ಮಾತ್ರ ಕಾರನ್ನು ಹೊಸೂರು ರಸ್ತೆಗೆ ಬಿಡದೆ ಮೊದಲು ಲಾಲ್‌ಬಾಗಿನ ಗೇಟಿನಲ್ಲಿ ನಿಲ್ಲಿಸಿದರು. ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ವಾಕಿಂಗ್‌ನವರು ಕೈಕಾಲು ಆಡಿಸುತ್ತಿದ್ದರು. "ಇದಕ್ಕೆ ಸುಮಾರು 300 ಕೋಟಿ ವರ್ಷ. ನೆಲದಾಳದಲ್ಲಿ ಬೆಂದು ಮಡಿಚಿಕೊಂಡ ಕಲ್ಲು, ಇದರಲ್ಲಿ ಪಳೆಯುಳಿಕೆ ಹುಡುಕಬೇಡ." ಹಾಗಾದರೆ ವಯಸ್ಸು ಹೇಗೆ ತಿಳಿಯಿತು? ಇಂಥ ಕಲ್ಲಿನಲ್ಲಿ ಜಿರ್ಕಾನ್ ಎಂಬ ಹರಳಿನ ಕಣಗಳಿರುತ್ತವೆ. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ಯುರೇನಿಯಂ ತನ್ನ ಪಾಡಿಗೆ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238ರ ಅರ್ಧ ಸವೆಯಲು ಸುಮಾರು 447 ಕೋಟಿ ವರ್ಷ ಬೇಕು. ಈಗ ಒಳಗಿರುವ ಸೀಸ ಎಷ್ಟು, ಉಳಿದ ಯುರೇನಿಯಂ ಎಷ್ಟು ಎಂದು ಅಳೆದರೆ ಲೆಕ್ಕ ಸಿಕ್ಕಿತು. ಅಕ್ಕನಿಗೆ ಮಾತ್ರ ಆ ಹೊತ್ತಿಗೆ ಕಾಫಿಯ ಚಿಂತೆ.

ಸೇಲಂ, ಆತ್ತೂರು ದಾಟಿ ಪೆರಂಬಲೂರು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಟೋಲ್‌ಗೇಟುಗಳ ಹೊರತು. ಹತ್ತಿ, ಮುಸುಕಿನ ಜೋಳ, ಸಾಂಬಾರ್ ಈರುಳ್ಳಿಯ ಹೊಲಗಳ ನಡುವೆ ಸಾತನೂರು. ಅಲ್ಲಿ ಬೇಲಿಯೊಳಗೆ ಒಂದು ಮರ ಮಲಗಿದೆ, 18 ಮೀಟರಿಗೂ ಉದ್ದ. ತೊಗಟೆಯ ಗೆರೆ, ಗಂಟು ಎಲ್ಲ ಇದ್ದಂತೆಯೇ ಇವೆ; ಬೆರಳಿನಿಂದ ತಟ್ಟಿದರೆ ಕಲ್ಲು. ಮರದ ಕಣಕಣದ ಜಾಗಕ್ಕೂ ನೀರಿನಲ್ಲಿ ಕರಗಿದ್ದ ಸಿಲಿಕಾ ಬಂದು ಕೂತಿದೆ. 1940ರಲ್ಲಿ ಇದನ್ನು ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಂ. ಎಸ್. ಕೃಷ್ಣನ್. ಫಲಕದ ಮೇಲೆ 12 ಕೋಟಿ ವರ್ಷ ಎಂದಿದೆ. ಸೂಚಿಪರ್ಣಿ ಜಾತಿಯ ಈ ಮರ ಸಿಕ್ಕಿರುವುದು ಕಡಲಡಿಯ ಕೆಸರಿನಿಂದಾದ ಪದರದಲ್ಲಿ. ಅಂದರೆ ದಡದ ಕಾಡಿನಿಂದ ತೇಲಿ ಬಂದು ಮುಳುಗಿದ್ದು. ಭಾರತದ ಪೂರ್ವದಂಚು ಅಂಟಾರ್ಕ್ಟಿಕಾದಿಂದ ಬಿಡಿಸಿಕೊಂಡ ಮೇಲೆ ಒಳನುಗ್ಗಿದ ಕಡಲು ಇಲ್ಲಿಯವರೆಗೂ ಬಂದಿತ್ತು.

ಮರುದಿನ ಬೆಳಗ್ಗೆ ಕಾರೈ. ಹೊಲಗಳು ತಟ್ಟನೆ ಮುಗಿದು, ಮಳೆನೀರು ಕೊರೆದ ಜೇಡಿಮಣ್ಣಿನ ಕೊರಕಲುಗಳು ಕಣ್ಣು ಹೋದಷ್ಟು ದೂರ. ಹಳದಿ, ಬೂದು, ತುಕ್ಕಿನ ಬಣ್ಣ. ನೆಲದ ತುಂಬ ಗಾಜು ಒಡೆದಂತೆ ಜಿಪ್ಸಂ ಹೊಳೆಯುತ್ತಿತ್ತು. ಹತ್ತು ನಿಮಿಷ ನನಗೆ ಏನೂ ಕಾಣಲಿಲ್ಲ. ಆಮೇಲೆ ಕಣ್ಣು ಪಳಗಿತು. ಮೊದಲು ಸಿಕ್ಕಿದ್ದು ಬಂದೂಕಿನ ಗುಂಡಿನಂಥ ಬೆಲೆಮ್ನೈಟ್, ಬೊಂಡಾಸ್ ಮೀನಿನಂಥ ಪ್ರಾಣಿಯೊಂದರ ಒಳಗಿನ ಗಟ್ಟಿ ಭಾಗ. ನೀರು ತಣ್ಣಗಿದ್ದಷ್ಟೂ ಅದರ ಕ್ಯಾಲ್ಸೈಟ್ ಖನಿಜದಲ್ಲಿ ಆಮ್ಲಜನಕದ ತುಸು ಭಾರವಾದ ಪರಮಾಣುಗಳ ಪಾಲು ಹೆಚ್ಚುತ್ತದಂತೆ. ಹಾಗಾಗಿ ಪ್ರಯೋಗಾಲಯದಲ್ಲಿ ಅದು ಆ ಕಾಲದ ಕಡಲಿಗಿಟ್ಟ ಥರ್ಮಾಮೀಟರ್.

ಆಮೇಲೆ, ಇಳಿಜಾರಿನಲ್ಲಿ, ಮುರಿದ ಚಕ್ಕುಲಿಯ ತುಂಡು! ಅದೇ ಬಾಗು, ಅದೇ ಏಣುಗಳು. ಅಮೋನೈಟ್. ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಇದನ್ನು ಮುಟ್ಟಬೇಡ ಎನ್ನುವವರು ಯಾರೂ ಇರಲಿಲ್ಲ.

ಭಾವನ ಪಾಠ ಶುರುವಾಯಿತು. ಅಮೋನೈಟುಗಳು ಬೇಗ ಬೇಗ ರೂಪ ಬದಲಿಸಿದವು, ಕಡಲುಗಳಗಲ ಹರಡಿದವು, 6.6 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದವು. ಒಂದೊಂದು ಜಾತಿಯ ಬಾಳು ಗಿಡ್ಡ. ಆದ್ದರಿಂದ ಒಂದೇ ಜಾತಿ ಇಲ್ಲೂ ಯುರೋಪಿನಲ್ಲೂ ಸಿಕ್ಕರೆ ಎರಡೂ ಪದರಗಳು ಹೆಚ್ಚುಕಡಿಮೆ ಓರಗೆಯವು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಲಾನ್‌ಫೋರ್ಡ್ ಎಂಬ ಭೂವಿಜ್ಞಾನಿ ಈ ಸೀಮೆಯ ಕಲ್ಲುಗಳನ್ನು ಉತ್ತತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರು ಗುಂಪು ಮಾಡಿದ; ಪಳೆಯುಳಿಕೆ ತಜ್ಞ ಫರ್ಡಿನಾಂಡ್ ಸ್ಟೊಲಿಚ್ಕಾ ಇಲ್ಲಿನ ಪಳೆಯುಳಿಕೆಗಳನ್ನು ಒಂದೊಂದಾಗಿ ವರ್ಣಿಸಿದ. ವಿಕಿರಣದಿಂದ ಕಾಲ ಅಳೆಯುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ. ಯಾವುದು ಹಿರಿದು, ಯಾವುದು ಕಿರಿದು ಎಂದಷ್ಟೇ ಅವರಿಗೆ ಹೇಳಲಾಗುತ್ತಿತ್ತು, ಎಷ್ಟು ವರ್ಷ ಎಂದಲ್ಲ. ನನಗೆ ಆ ಕೆಲಸವೇ ಹೆಚ್ಚು ಇಷ್ಟವಾಯಿತು, ಮನೆಯ ಹಿರಿಯರು ಜಾತಕ ನೋಡದೆಯೇ ಯಾರು ದೊಡ್ಡವರೆಂದು ಹೇಳುವ ಹಾಗೆ.

ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮನ್ನೇ ನೋಡುತ್ತಿದ್ದರು. ನಾನು ತುಂಡನ್ನು ತೋರಿಸಿದೆ. ಅವರು ಕೋಲಿನಿಂದ ಸುತ್ತಲ ಬಯಲೆಲ್ಲ ತೋರಿಸಿ ಒಂದೇ ಮಾತು ಹೇಳಿದರು: "ಕಡಲ್." ಅನುವಾದ ಬೇಕಾಗಲಿಲ್ಲ. ತುಂಡನ್ನು ಇದ್ದಲ್ಲೇ ಇಟ್ಟೆ, ಭಾವನ ಕಟ್ಟಪ್ಪಣೆ.

ರಾತ್ರಿ ಅರಿಯಲೂರಿನ ಹೋಟೆಲಿನಲ್ಲಿ ದೋಸೆಗೆ ಕಾಯುತ್ತಾ ಭಾವ ಬೃಹತ್ಕಾಯೋಸಾರಸ್ ಕಥೆ ಹೇಳಿದರು. ಹೆಸರು ಕೇಳಿದ ಕೂಡಲೇ ನಮಗೆ ಅರ್ಥವಾಗುವ ಡೈನೋಸಾರ್ ಅದೊಂದೇ ಇರಬೇಕು! ಇದೇ ಜಿಲ್ಲೆಯ ಕಲ್ಲಮೇಡಿನಲ್ಲಿ ಸಿಕ್ಕ ಮೂಳೆಗಳು. 1980ರ ದಶಕದಲ್ಲಿ ಹೆಸರಿಟ್ಟಾಗ ಮಾಂಸಾಹಾರಿ ಎಂದುಕೊಂಡಿದ್ದರು, ಆಮೇಲೆ ಉದ್ದ ಕತ್ತಿನ ಸಸ್ಯಾಹಾರಿ ಎಂದಾಯಿತು. ಮೂಳೆಯಲ್ಲ, ಕಲ್ಲಾದ ಮರದ ಬೊಡ್ಡೆ ಎಂದು ಅನುಮಾನಿಸಿದವರೂ ಉಂಟು. ಪರೀಕ್ಷಿಸೋಣವೆಂದರೆ ಮೂಳೆಗಳೇ ಪುಡಿಯಾಗಿ ಹೋಗಿವೆ. ಚಿತ್ರ, ಫೋಟೊ ಬಿಟ್ಟರೆ ಏನೂ ಉಳಿದಿಲ್ಲ.

"ನಾಳೆ ಅಲ್ಲಿಗೆ ಹೋಗೋಣವಾ?" ಎಂದೆ.

"ಅಲ್ಲಿ ನೋಡೋಕೇನಿದೆ?" ಎಂದಳು ಅಕ್ಕ. ಭಾವ ಆಗಲೇ ಮ್ಯಾಪ್ ತೆಗೆದಿದ್ದರು.